ಮೂಳೆಯೊಳಗಿನ ಜಾಲರಿಯನ್ನು ಕಂಪ್ಯೂಟರಿನಲ್ಲಿ ಒತ್ತಿದ್ದು

ಬೆನ್ನುಮೂಳೆಯ ಒಳಗೆ ಸ್ಪಂಜಿನ ಹಾಗೆ ಒಂದು ಜಾಲರಿ ಇರುತ್ತದೆ. ಅದರ ಎಳೆಗಳ ದಪ್ಪ ಸುಮಾರು 0.1ರಿಂದ 0.2 ಮಿ.ಮೀ. ಒತ್ತಿದಾಗ ಯಾವ ಎಳೆ ಎಷ್ಟು ಕುಗ್ಗುತ್ತದೆ, ಎಷ್ಟು ಹಿಗ್ಗುತ್ತದೆ? ಈ ಸ್ಟ್ರೇನ್ ಲೆಕ್ಕ ನನಗೆ ಬೇಕಿತ್ತು.

5 ಮಿ.ಮೀ. ಘನದ ಮೈಕ್ರೋ ಸಿಟಿ ಸ್ಕ್ಯಾನ್ (ಎಕ್ಸ್-ರೇಯಿಂದ ತೆಗೆದ ಸೂಕ್ಷ್ಮ 3ಡಿ ಚಿತ್ರ) ತೆಗೆದುಕೊಂಡೆ. ವೋಕ್ಸೆಲ್, ಅಂದರೆ ಆ ಚಿತ್ರದ ಅತಿ ಚಿಕ್ಕ ಘನ ತುಣುಕು, ಅದರ ಅಳತೆ 20 ಮೈಕ್ರಾನ್. ಒಟ್ಟು 1 ಕೋಟಿ 56 ಲಕ್ಷ ವೋಕ್ಸೆಲ್, ಅದರಲ್ಲಿ ಮೂಳೆ ಶೇ. 16 ಮಾತ್ರ. ಮೂಳೆಯ ಒಂದೊಂದು ವೋಕ್ಸೆಲ್ಲೂ ಒಂದು ಇಟ್ಟಿಗೆ ಅಂತ ಫೈನೈಟ್ ಎಲಿಮೆಂಟ್ ಮಾದರಿ (ವಸ್ತುವನ್ನು ಚಿಕ್ಕ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಮಾದರಿ) ಕಟ್ಟಿದೆ. ಯಂಗ್ ಮಾಡ್ಯುಲಸ್ (ವಸ್ತು ಎಷ್ಟು ಬಿಗಿ ಎನ್ನುವ ಅಳತೆ) 15 ಗಿಗಾಪಾಸ್ಕಲ್, ಪಾಯ್ಸನ್ ಅನುಪಾತ (ಒತ್ತಿದಾಗ ಪಕ್ಕಕ್ಕೆ ಎಷ್ಟು ಉಬ್ಬುತ್ತದೆ ಎನ್ನುವ ಅಳತೆ) 0.3. ತಳವನ್ನು ಹಿಡಿದಿಟ್ಟು, ಮೇಲಿನಿಂದ ಎತ್ತರದ ಶೇ. 0.5ರಷ್ಟು ಒತ್ತಿದೆ.

ಸಮೀಕರಣಗಳನ್ನು ಬಿಡಿಸುವ ಪ್ರೋಗ್ರಾಂ, ಅಂದರೆ ಸಾಲ್ವರ್, ಎರಡು ದಿನ ಓಡಿತು, ಉತ್ತರ ಬರಲೇ ಇಲ್ಲ. ನಾನು ಸುಮ್ನೆ ಸಾಲ್ವರನ್ನೇ ಬೈದುಕೊಂಡು ಅದರ ಸೆಟ್ಟಿಂಗ್ ಬದಲಾಯಿಸುತ್ತಾ ಕೂತೆ. ಆಮೇಲೆ ನೋಡಿದರೆ, ಯಾವುದಕ್ಕೂ ಅಂಟದ ಮೂಳೆ ಚೂರುಗಳು ಗಾಳಿಯಲ್ಲಿ ತೇಲುತ್ತಿವೆ. ಅವನ್ನು ಹಿಡಿಯುವವರೇ ಇಲ್ಲ, ಲೆಕ್ಕ ನಿಲ್ಲೋದಾದರೂ ಹೇಗೆ? ತೆಗೆದುಹಾಕಿದೆ. ಆದರೂ ಅದೇ ಪಾಡು. ಈ ಸಲ ಕಾರಣ ಇನ್ನೂ ಸೂಕ್ಷ್ಮ. ಮೂಲೆ ತಾಗಿದರೂ ಸೇರಿದೆ ಅಂತ ನನ್ನ ಪ್ರೋಗ್ರಾಂ ಎಣಿಸುತ್ತಿತ್ತು. ಮೂಲೆಯಲ್ಲಿ ಮಾತ್ರ ತಾಗಿದ ಇಟ್ಟಿಗೆ ಕೀಲಿನ ಹಾಗೆ ತಿರುಗುತ್ತದೆ ಅಲ್ವಾ? ಮುಖಕ್ಕೆ ಮುಖ ಸೇರಿದ್ದನ್ನು ಮಾತ್ರ ಉಳಿಸಿಕೊಂಡೆ. ನಲವತ್ತು ನಿಮಿಷದಲ್ಲಿ ಲೆಕ್ಕ ಮುಗಿಯಿತು.

ಉತ್ತರ ಬಂತು ಅಂದ ಮಾತ್ರಕ್ಕೆ ಸರಿ ಅಂತಲ್ಲ. ಸ್ಕ್ಯಾನಿನಲ್ಲಿ ಎಷ್ಟು ಬೆಳ್ಳಗಿದ್ದರೆ ಮೂಳೆ ಅಂತ ಎಣಿಸಬೇಕು ಎನ್ನುವ ಗಡಿ, ಅಂದರೆ ಥ್ರೆಶೋಲ್ಡನ್ನು ತುಸು ಏರಿಸಿದರೆ ತೆಳು ಎಳೆಗಳು ತುಂಡಾಗಿ ಇಡೀ ಘನ ಮೆತ್ತಗಾಯಿತು. ಇಳಿಸಿದರೆ ಎಲ್ಲವೂ ದಪ್ಪಗಾಗಿ ಬಿಗಿಯಾಯಿತು. ನನ್ನ ಪ್ರಕಾರ ಮಾಡ್ಯುಲಸ್ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಜಾಸ್ತಿ ಹೊತ್ತು ಇಲ್ಲಿ ಕಳೆಯಬೇಕು. ಲೀನಿಯರ್ ಮಾದರಿಯಲ್ಲಿ (ಬಲ ಎಷ್ಟು ಪಟ್ಟೋ ಕುಗ್ಗುವುದೂ ಅಷ್ಟೇ ಪಟ್ಟು) ಮಾಡ್ಯುಲಸ್ ಎಲ್ಲ ಕಡೆ ಒಂದೇ ಆಗಿದ್ದರೆ, ಅದನ್ನು ಎರಡು ಪಟ್ಟು ಮಾಡಿದರೂ ಸ್ಟ್ರೇನ್ ಚಿತ್ರ ಹಾಗೇ ಇರುತ್ತದೆ. ಬೇಕಾಗುವ ಬಲ ಮಾತ್ರ ಎರಡು ಪಟ್ಟಾಗುತ್ತದೆ.

ಅತಿ ಹೆಚ್ಚು ಸ್ಟ್ರೇನ್ ತೋರಿಸುವ ಒಂಟಿ ವೋಕ್ಸೆಲನ್ನು ನಾನು ಈಗ ನಂಬುವುದಿಲ್ಲ. ಇಟ್ಟಿಗೆಗಳಿಂದ ಕಟ್ಟಿದ ಮೇಲ್ಮೈ ಮೆಟ್ಟಿಲು ಮೆಟ್ಟಿಲಾಗಿರುವುದರಿಂದ ಆ ಮೂಲೆಗಳಲ್ಲಿ ಸಂಖ್ಯೆ ಸುಳ್ಳುಸುಳ್ಳೇ ಏರುತ್ತದೆ. ಅದಕ್ಕೇ 95ನೇ ಪರ್ಸೆಂಟೈಲ್, ಅಂದರೆ ಶೇ. 95 ವೋಕ್ಸೆಲ್‌ಗಳ ಸ್ಟ್ರೇನ್ ಯಾವ ಸಂಖ್ಯೆಯ ಕೆಳಗಿದೆಯೋ ಅದನ್ನು ನೋಡುತ್ತೇನೆ. ಘನದ ಪಕ್ಕಗಳಲ್ಲಿ ಕತ್ತರಿಸಿದ ಎಳೆಗಳು ಭಾರ ಹೊರದೆ ಸುಮ್ಮನೆ ಜೋತಾಡುತ್ತವೆ, ಅಲ್ಲಿ ಅರ್ಧ ಮಿ.ಮೀ. ಬಿಟ್ಟುಬಿಡುತ್ತೇನೆ.

ಇಷ್ಟೆಲ್ಲ ಆದ ಮೇಲೆ ಕಂಡದ್ದು: ಒತ್ತಿದ್ದು ಮೇಲಿನಿಂದ, ಆದರೂ ಓರೆಯಾಗಿದ್ದ ತೆಳು ಎಳೆಗಳು ಬಾಗಿ, ಅವುಗಳ ಒಂದು ಮಗ್ಗುಲು ಹಿಗ್ಗುತ್ತಿತ್ತು.