ಎಳನೀರು ಬುರುಡೆ, ಸೂಜಿ ಡಬ್ಬಿ ಮತ್ತು ನಮ್ಮ ವಾರ್ಡು

ತಿಪಟೂರಿನ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ನಾನು ಸ್ಟಾಫ್ ನರ್ಸ್. ಒಂದು ದಿನ ಬೆಳಿಗ್ಗೆ ವಾರ್ಡಿನ ಕಸದ ಹಳದಿ ಚೀಲ ಕಟ್ಟುತ್ತಿದ್ದ ಆಯಾ ಅಕ್ಕ "ಸಿಸ್ಟರ್, ಏನೋ ಚುಚ್ಚಿತು" ಅಂತ ಓಡಿ ಬಂದರು. ಗ್ಲೌಸ್ ಬಿಚ್ಚಿ ನೋಡಿದೆ. ಹೆಬ್ಬೆರಳ ಬುಡದಲ್ಲಿ ಸಾಸಿವೆ ಕಾಳಿನಷ್ಟು ರಕ್ತ. ಅವರು ಬೆರಳು ಹಿಂಡುತ್ತಿದ್ದರು. ಹಿಂಡಬೇಡಿ ಅಕ್ಕ ಅಂತ ತಡೆದು, ನಲ್ಲಿ ಕೆಳಗೆ ಕೈ ಹಿಡಿಸಿ ಸೋಪು ಹಾಕಿ ತೊಳೆಸಿದೆ.

ಯಾವ ರೋಗಿಗೆ ಚುಚ್ಚಿದ ಸೂಜಿ ಅಂತ ಗೊತ್ತಿರಲಿಲ್ಲ. ಡಾಕ್ಟರ್ ಎಚ್‌ಐವಿ ತಡೆಯುವ ಮಾತ್ರೆ ಅವತ್ತೇ ಶುರು ಮಾಡಿದರು, 28 ದಿನದ ಕೋರ್ಸು. 72 ಗಂಟೆಯೊಳಗೆ ಶುರು ಮಾಡಲೇಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಆದರೆ ನನಗೆ ಹೊಟ್ಟೆ ಚುರುಕ್ ಅಂದಿದ್ದು ಇನ್ನೊಂದು ವಿಷಯಕ್ಕೆ. ರಕ್ತದಿಂದ ಹರಡುವ ಲಿವರ್ ಸೋಂಕು ಹೆಪಟೈಟಿಸ್ ಬಿ, ಅದರ ಲಸಿಕೆ ನಮಗೆಲ್ಲ ಆಗಿತ್ತು, ಅಕ್ಕನಿಗೆ ಒಂದು ಡೋಸೂ ಆಗಿರಲಿಲ್ಲ. ಆಸ್ಪತ್ರೆ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಅದನ್ನು ಹಾಕಿಸಬೇಕು ಅಂತ 2016ರ ವೈದ್ಯಕೀಯ ತ್ಯಾಜ್ಯ ನಿಯಮದಲ್ಲೇ ಇದೆ.

ಮೀಟಿಂಗ್‌ನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, ಆಕೆ ಹುಷಾರಾಗಿ ಇರಬೇಕಿತ್ತು ಅಂತ. ನಾನು ಒಪ್ಪಲಿಲ್ಲ. ಸೂಜಿ ಆ ಚೀಲಕ್ಕೆ ಹಾಕಿದ್ದು ಅಕ್ಕ ಅಲ್ಲ, ನಮ್ಮಲ್ಲೇ ಒಬ್ಬರು. ಆಮೇಲೆ ವಾರ್ಡಿಗೆ ಹೋಗಿ ಹೆಜ್ಜೆ ಎಣಿಸಿದೆ. ಸೂಜಿ ಹಾಕುವ ಬಿಳಿ ಡಬ್ಬಿ ನರ್ಸಿಂಗ್ ಸ್ಟೇಷನ್ನಿನಲ್ಲಿ, ಕೊನೆ ಬೆಡ್ಡಿನಿಂದ 24 ಹೆಜ್ಜೆ ದೂರ. ರಾತ್ರಿ ಒಬ್ಬರೇ ಡ್ಯೂಟಿ, ಒಂದು ಕೈಯಲ್ಲಿ ಟ್ರೇ, ಪಕ್ಕದ ಬೆಡ್ಡಿನವರು ಕರೀತಾ ಇರ್ತಾರೆ, ಆಗ ಸೂಜಿಗೆ ಕ್ಯಾಪ್ ಹಾಕಿ ಹತ್ತಿರದ ಡಬ್ಬಕ್ಕೆ ಎಸೆದುಬಿಡುತ್ತೇವೆ. ನಾನೂ ಎಸೆದಿದ್ದೇನೆ.

ಡಬ್ಬಿಯನ್ನೂ ಸೂಜಿ ಕತ್ತರಿಸುವ ಕಟರನ್ನೂ ಇಂಜೆಕ್ಷನ್ ಟ್ರಾಲಿ ಮೇಲೇ ಕಟ್ಟಿಸಿದೆ. ಚುಚ್ಚಿದವರೇ ಅಲ್ಲೇ ಹಾಕಬೇಕು, ಕ್ಯಾಪ್ ಮತ್ತೆ ಮುಚ್ಚುವಂತಿಲ್ಲ. ಮುಕ್ಕಾಲು ತುಂಬಿದರೆ ಸೀಲ್. ಮೊದಲ ವಾರ ಇಬ್ಬರು ಮರೆತರು, ಆಮೇಲೆ ಕೈಗೆ ರೂಢಿಯಾಯಿತು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಅಕ್ಕ ಚೀಲದೊಳಗೆ ಕೈಯಿಟ್ಟು ಒತ್ತಿದ್ದು ಯಾಕೆ? ಕೇಳಿದೆ. "ಬುರುಡೆ ಸಿಸ್ಟರ್, ಬಾಯಿ ಕಟ್ಟೋಕೇ ಆಗಲ್ಲ" ಅಂದರು. ನಮ್ಮೂರಿನಲ್ಲಿ ರೋಗಿ ನೋಡಲು ಬರುವವರು ಎಳನೀರು ತರದೇ ಇರ್ತಾರಾ? ವಾರ್ಡಿನಲ್ಲಿ ಬೇರೆ ಡಬ್ಬವೇ ಇರಲಿಲ್ಲ, ಹಾಗಾಗಿ ಬುರುಡೆ, ಬಾಳೆಹಣ್ಣಿನ ಸಿಪ್ಪೆ, ಬಿಸ್ಕತ್ ಕವರು ಎಲ್ಲ ಹಳದಿಗೆ. ಅದರಲ್ಲಿ ಇರಬೇಕಾದದ್ದು ರಕ್ತದ ಹತ್ತಿ, ಡ್ರೆಸಿಂಗ್ ಬಟ್ಟೆ. ಆ ಚೀಲ ಹೋಗುವುದು ಸುಡುವ ಕುಲುಮೆಗೆ. ನೀರು ತುಂಬಿದ ಬುರುಡೆ ಸುಡೋಕೆ ಇಂಧನ ಎಷ್ಟು ಬೇಕು ಯೋಚಿಸಿ. ಸುಮ್ನೆ ಹೊಗೆ, ಅಲ್ವಾ?

ವಾರ್ಡ್ ಬಾಗಿಲಲ್ಲಿ ಒಂದು ದೊಡ್ಡ ಹಸಿರು ಟಬ್ ಇಟ್ಟು, ಮೇಲೆ ಎಳನೀರಿನ ಚಿತ್ರ ಅಂಟಿಸಿದೆ. ಯಾವ ಕಸ ಯಾವ ಬಣ್ಣದ ಚೀಲಕ್ಕೆ ಅನ್ನುವ ಪೋಸ್ಟರ್ ಗೋಡೆ ಮೇಲೆ ವರ್ಷಗಟ್ಟಲೆ ಇತ್ತು, ಯಾರೂ ಓದಿರಲಿಲ್ಲ. ಈ ಚಿತ್ರ ಎಲ್ಲರಿಗೂ ಅರ್ಥ ಆಯಿತು. ಟಬ್ ನಗರಸಭೆಯ ಹಸಿ ಕಸದ ಗಾಡಿಗೆ ಹೋಗುತ್ತದೆ. ಹಳದಿ ಚೀಲ ಈಗ ಅರ್ಧಕ್ಕಿಂತ ಜಾಸ್ತಿ ತುಂಬುವುದೇ ಅಪರೂಪ, ಒತ್ತುವ ಕೆಲಸವೇ ಇಲ್ಲ.

ಅಕ್ಕನ ಟೆಸ್ಟುಗಳೆಲ್ಲ ನೆಗೆಟಿವ್ ಬಂದವು, ಆರನೇ ತಿಂಗಳಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರನೇ ಡೋಸೂ ಮುಗಿಯಿತು. ಕಳೆದ ತಿಂಗಳು ಕೆಲಸಕ್ಕೆ ಸೇರಿದ ಹುಡುಗಿಯನ್ನು ಮೊದಲ ಡೋಸಿಗೆ ಕೈ ಹಿಡಿದು ಕರೆದುಕೊಂಡು ಬಂದದ್ದು ಅಕ್ಕನೇ.