ರಕ್ತ ಹೊಂದಿಸುವ ಮುಂಚೆ

‘ಡಾಕ್ಟ್ರೇ, ಎರಡು ಬಾಟ್ಲಿ ರಕ್ತ ನಾನೇ ಹೊಂದಿಸ್ತೀನಿ, ಆಪರೇಷನ್ ಮಾತ್ರ ಮುಂದಕ್ಕೆ ಹಾಕ್ಬೇಡಿ.’

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ದುಡಿಯುವ ಅಮ್ಮನನ್ನು ಕರೆತಂದಿದ್ದ ಮಗ ಹೀಗೆ ಕೇಳಿಕೊಂಡರೂ ನಾನು ಒಪ್ಪಲಿಲ್ಲ. ಸೊಂಟದ ಮಟ್ಟದ ಬೆನ್ನುಮೂಳೆಗಳಿಗೆ ಸ್ಕ್ರೂ ಹಾಕಿ ಕೂಡಿಸುವ ಆಪರೇಷನ್. ಹಿಮೋಗ್ಲೋಬಿನ್ ನೋಡಿದರೆ 9.2, ಕಡಿಮೆ. ಕಾಲಲ್ಲಿ ಬಲವಿತ್ತು, ಮೂತ್ರಕ್ಕೆ ತೊಂದರೆ ಇರಲಿಲ್ಲ. ನಾಲ್ಕು ವಾರ ಕಾಯಬಹುದಿತ್ತು.

ಚಿಕ್ಕಮಗಳೂರಿನಲ್ಲಿ ಅರಿವಳಿಕೆ ಕೊಡುವ ನಾನು, ರಕ್ತ ಉಳಿಸುವುದೆಲ್ಲ ಥಿಯೇಟರ್ ಒಳಗಿನ ಕೆಲಸ ಅಂತಲೇ ಬಹಳ ವರ್ಷ ನಂಬಿದ್ದೆ. ಆಕೆ ಆರು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗುತ್ತಿದ್ದರು, ಊಟವಾದ ಕೂಡಲೇ, ಒಂದು ಲೋಟ ಕಾಫಿ ಜೊತೆಗೆ. ಕಾಫಿ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಕಾಫಿ ಸೀಮೆಯಲ್ಲಿ ಇದೊಂದು ಮಾತು ಹೇಳದೆ ಮಾತ್ರೆ ಬರೆದುಕೊಡುವುದು ನಮ್ಮ ತಪ್ಪು. ಅಂಗಡಿಯಿಂದ ತಂದು ತಿನ್ನುತ್ತಿದ್ದ ನೋವಿನ ಮಾತ್ರೆಯನ್ನೂ, ರಕ್ತ ಸೋರುವುದು ಹೆಚ್ಚಬಹುದೆಂದು, ಬಿಡಿಸಿದೆವು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣದ ಔಷಧಿ 1000 ಮಿಲಿಗ್ರಾಂ ಡ್ರಿಪ್‌ನಲ್ಲಿ ಹೋಯಿತು. ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ 11.4.

ಆಪರೇಷನ್ ದಿನ, ಹಿಂದೆ ಫಿಟ್ಸ್ ಬಂದಿಲ್ಲ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿಲ್ಲ ಅಂತ ಮತ್ತೊಮ್ಮೆ ಕೇಳಿಕೊಂಡು, ಚರ್ಮ ಕೊಯ್ಯುವ ಮೊದಲೇ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟೆ, ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ. ಮೈ ತಣ್ಣಗಾದರೆ ರಕ್ತ ಬೇಗ ಹೆಪ್ಪುಗಟ್ಟದು. 36 ಡಿಗ್ರಿಗಿಂತ ಇಳಿಯದಂತೆ ಬಿಸಿಗಾಳಿ ಹೊದಿಕೆ ಹೊದಿಸಿದ್ದೆವು.

ಇವೆಲ್ಲಕ್ಕಿಂತ ಹೆಚ್ಚಾಗಿ ನಾನು ಕಾಯುವುದು ಹೊಟ್ಟೆಯನ್ನು. ಬೋರಲು ಮಲಗಿಸಿದಾಗ ಹೊಟ್ಟೆ ಒತ್ತಿದರೆ ಒಳಗಿನ ದೊಡ್ಡ ಸಿರೆ ಅಮುಕಿಹೋಗಿ, ಬೆನ್ನುಮೂಳೆಯ ಸುತ್ತಲಿನ ಕವಾಟವಿಲ್ಲದ ಸಿರೆಗಳಿಗೆ ರಕ್ತ ನುಗ್ಗುತ್ತದೆ. ಹಿಂದೊಮ್ಮೆ ಬೇರೊಬ್ಬ ರೋಗಿಯ ಆಪರೇಷನ್‌ನಲ್ಲಿ, ಸೋರಿದ ರಕ್ತ ಹೀರಿ ತುಂಬಿಕೊಳ್ಳುವ ಸಕ್ಷನ್ ಬಾಟ್ಲಿ ತುಂಬುತ್ತಲೇ ಇತ್ತು, ಕಾರಣ ಹೊಳೆಯಲಿಲ್ಲ. ಕಡೆಗೆ ಬಟ್ಟೆಯಡಿ ಕೈಹಾಕಿದೆ: ಎದೆ ಕೆಳಗಿನ ದಿಂಬು ಜಾರಿ ಹೊಟ್ಟೆಗೆ ಬಂದಿತ್ತು, ಎರಡು ಬೆರಳು ತೂರುವಷ್ಟೂ ಜಾಗವಿಲ್ಲ. ಆ ರೋಗಿಗೆ ಮೂರು ಬಾಟ್ಲಿ ಏರಿಸಬೇಕಾಯಿತು. ಅವತ್ತಿನಿಂದ ನನ್ನ ಅಂಗೈ ಹೊಟ್ಟೆಯಡಿ ಈ ಕಡೆಯಿಂದ ಆ ಕಡೆಗೆ ಸಲೀಸಾಗಿ ಹಾಯದೆ ಸರ್ಜನ್‌ಗೆ ‘ಶುರು ಮಾಡಿ’ ಅನ್ನುವುದಿಲ್ಲ.

ಸೋರಿದ ರಕ್ತವನ್ನು ತೊಳೆದು ವಾಪಸ್ ಕೊಡುವ ಸೆಲ್ ಸೇವರ್ ಯಂತ್ರ ನಮ್ಮಲ್ಲಿಲ್ಲ. ಮಳೆಗಾಲದಲ್ಲಿ ಅಪರೂಪದ ಗುಂಪಿನ ರಕ್ತ ಮಂಗಳೂರಿಂದ ಬರಬೇಕೆಂದರೆ ಚಾರ್ಮಾಡಿ ಘಾಟಿ ತೆರೆದಿದೆಯೇ ಅಂತ ಮೊದಲು ವಿಚಾರಿಸಬೇಕು.

ಈಕೆಯ ಆಪರೇಷನ್ ಮುಗಿದ ಮೇಲೆ ಸಿಸ್ಟರ್ ರಕ್ತದಲ್ಲಿ ನೆಂದ ಬಟ್ಟೆಗಳನ್ನೆಲ್ಲ ತೂಗಿದರು. ಹೆಚ್ಚಾದ ಒಂದು ಗ್ರಾಂಗೆ ಹೆಚ್ಚುಕಮ್ಮಿ ಒಂದು ಎಂಎಲ್ ರಕ್ತ. ಸಕ್ಷನ್‌ನದೂ ಸೇರಿ ಸುಮಾರು 400 ಎಂಎಲ್. ಮರುದಿನ ಹಿಮೋಗ್ಲೋಬಿನ್ 9.8. ಎಂಟಕ್ಕಿಂತ ಇಳಿದರೆ, ಇಲ್ಲವೇ ಎದೆ ಜೋರಾಗಿ ಬಡಿದುಕೊಂಡರೆ, ತಲೆಸುತ್ತು ಬಂದರೆ ಮಾತ್ರ ನಾವು ರಕ್ತ ಏರಿಸುವುದು. ಸಂಜೆ ಆಕೆ ವಾಕರ್ ಹಿಡಿದು ಎದ್ದು ನಿಂತರು. ಮಗ ಹೊಂದಿಸಿದ್ದ ಎರಡು ಬಾಟ್ಲಿ ರಕ್ತ ಬ್ಲಡ್ ಬ್ಯಾಂಕಿನಲ್ಲೇ ಉಳಿದು, ಆ ವಾರದಲ್ಲೇ ಒಬ್ಬ ಬಾಣಂತಿಗೆ ಹೋಯಿತು.