ಏಳರ ತಾಳಕ್ಕೆ ಸೀಕ್ವೆನ್ಸರ್ ಒಗ್ಗಿದ್ದು ಹೀಗೆ

ದಾವಣಗೆರೆಯ ನಮ್ಮ ಮನೆಯಲ್ಲಿ ಅತ್ತೆ ಹಾಡಿದ ಬೀಸುವ ಪದವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಅದಕ್ಕೆ ಡ್ರಮ್ಸ್ ಕೂರಿಸಲು ಹೋದರೆ ಒಂದು ಸುತ್ತು ಸರಿ, ಮುಂದಿನ ಸುತ್ತಿಗೇ ಪೆಟ್ಟು ಜಾರುತ್ತಿತ್ತು. ಮೂರು ರಾತ್ರಿ ಹೀಗೇ ಹೋಯಿತು.

ಕೈಯಲ್ಲಿ ತಾಳ ಹಾಕಿ ಎಣಿಸಿದಾಗ ಗೊತ್ತಾಯಿತು. ಹಾಡು ಏಳರದ್ದು, ಅಂದರೆ ಸುತ್ತಿಗೆ ಏಳು ಎಣಿಕೆಯ ಮಿಶ್ರಛಾಪು ತಾಳದ ನಡೆ. ಪೆಟ್ಟುಗಳ ಸಾಲನ್ನು ಮತ್ತೆ ಮತ್ತೆ ನುಡಿಸುವ ಸೀಕ್ವೆನ್ಸರ್ ಮಾತ್ರ 16 ಸ್ಟೆಪ್‌ನಲ್ಲಿ (ಪೆಟ್ಟು ಕೂರಿಸುವ ಒಂದೊಂದು ಜಾಗವೂ ಒಂದು ಸ್ಟೆಪ್) ಸುತ್ತುತ್ತಿತ್ತು.

ಪ್ರಾಜೆಕ್ಟನ್ನು 7/8, ಅಂದರೆ ಸುತ್ತಿಗೆ ಏಳು ಎಣಿಕೆ ಮಾಡಿದೆ. ಯೂಕ್ಲಿಡಿಯನ್ ಸೀಕ್ವೆನ್ಸರ್‌ನಲ್ಲಿ 7 ಸ್ಟೆಪ್, 3 ಪೆಟ್ಟು ಕೊಟ್ಟೆ. ಪೆಟ್ಟುಗಳನ್ನು ಆದಷ್ಟು ಸಮನಾಗಿ ಹಂಚುವುದೇ ಅದರ ಕೆಲಸ. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ಹಳೆಯ ಗಣಿತದಿಂದ ಎಷ್ಟೋ ಜನಪದ ಲಯಗಳು ಹುಟ್ಟುತ್ತವೆ ಎಂದು ಕಂಪ್ಯೂಟರ್ ವಿಜ್ಞಾನಿ ಗಾಡ್‌ಫ್ರೀಡ್ ಟೂಸೆಂಟ್ 2005ರಲ್ಲಿ ತೋರಿಸಿದ್ದರು. ಎಷ್ಟು ಚೆಂದದ ವಿಷಯ ಅಲ್ವಾ!

ಆದರೂ ಹಾಡಿಗೆ ಕೂರಲಿಲ್ಲ. ಬಂದದ್ದು 2+2+3. ನನಗೆ ಬೇಕಿದ್ದದ್ದು ತಕಿಟ ತಕ ದಿಮಿ, ಅಂದರೆ 3+2+2. ಪೆಟ್ಟುಗಳ ಸಾಲನ್ನು ಸರಿಸುವ ರೊಟೇಶನ್ ಗುಂಡಿಯನ್ನು ಬಲಕ್ಕೆ ಮೂರು ಸ್ಟೆಪ್ ತಿರುಗಿಸಿದೆ. ಪೆಟ್ಟುಗಳು 1, 4, 6ಕ್ಕೆ ಬಂದವು. ಹಾಡು ತಟ್ಟನೆ ಕೂತಿತು!

ಆಮೇಲೆ ಗೆಜ್ಜೆಯ ಸದ್ದಿಗೆ 5 ಸ್ಟೆಪ್ ಇಟ್ಟೆ. ಎರಡೂ ಮತ್ತೆ ಒಟ್ಟಿಗೆ ಶುರುವಾಗುವುದು 35 ಸ್ಟೆಪ್ ಆದ ಮೇಲೆ. ಹಾಗಾಗಿ ಅದೇ ರಾಗ ತಿರುಗಿದರೂ ಬೇಸರ ಬರುವುದಿಲ್ಲ. ನಾಲ್ಕು, ಆರನೇ ಸ್ಟೆಪ್‌ನ ಪೆಟ್ಟುಗಳ ಪ್ರಾಬಬಿಲಿಟಿಯನ್ನು (ಪೆಟ್ಟು ಬೀಳುವ ಸಾಧ್ಯತೆ) ನೂರಕ್ಕೆ 70ಕ್ಕೆ ಇಳಿಸಿದೆ. ಮೊದಲ ಪೆಟ್ಟನ್ನು ಮಾತ್ರ ಮುಟ್ಟಬೇಡಿ, ಹಾಡುವವರು ಹಿಡಿದುಕೊಳ್ಳುವುದು ಅದನ್ನೇ.

ಅತ್ತೆಗೆ ಕೇಳಿಸಿದೆ. ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ ಪೂರ್ತಿ ಹಾಡಿದರು.